ಎರೆಹುಳುಗಳಿಗೆ ನಾನು ಮಾಡಿದ ಉಪಚಾರ

ಯೂರಿಯಾ ಚೀಲವನ್ನು ಒಗೆದು ಒಣಗಿಸಿದರೆ ಅದಕ್ಕಿಂತ ಉಪಕಾರಿಯಾದ ಬಟ್ಟೆ ಇನ್ನೊಂದಿಲ್ಲವೆಂದು ನಮ್ಮ ಮನೆಯಲ್ಲಿ ಬಹುಕಾಲ ನಂಬಿದ್ದೆವು. ಮಕ್ಕಳ ಪಾಟಿಚೀಲ, ಬಚ್ಚಲಿನ ಪರದೆ, ಮಳೆಗೆ ತಲೆಯ ಮೇಲೆ ಹಾಕಿಕೊಳ್ಳುವ ಕೊಪ್ಪೆ, ಎಲ್ಲವನ್ನೂ ಅದರಿಂದಲೇ ಹೊಲಿಯುತ್ತಿದ್ದೆವು. ಎಷ್ಟು ಒಗೆದರೂ ಅದರ ಮೇಲಿನ ಅಕ್ಷರ ಮಾಸುತ್ತಿರಲಿಲ್ಲ. ಹೀಗಾಗಿ ನನ್ನ ಮಕ್ಕಳು ಬೆನ್ನ ಮೇಲೆ ಗೊಬ್ಬರದ ಜಾಹೀರಾತು ಹೊತ್ತುಕೊಂಡೇ ಶಾಲೆ ಕಲಿತರು. ಮ್ಯಾಟ್ರಿಕ್ ಮುಗಿಸಿ ಕಲಬುರಗಿಯ ನೆಹರು ಗಂಜಿನ ಗೊಬ್ಬರದಂಗಡಿಯೊಂದಕ್ಕೆ ಗುಮಾಸ್ತನಾಗಿ ಸೇರಿದವನು ನಾನು, ತಲೆ ನರೆತ ಮೇಲೆಯೇ ಹೊರಬಿದ್ದೆ. ತೊಗರಿ ಮಾರಲು ಬಂದ ರೈತ ಬರಿಗಾಡಿ ಹೊಡೆದುಕೊಂಡು ಹಿಂದಿರುಗದಂತೆ ನೋಡಿಕೊಳ್ಳುವುದೇ ನನ್ನ ಕಸುಬು.

ನಮ್ಮ ಕಡೆ ಯೂರಿಯಾಕ್ಕೆ ಸರ್ಕಾರಿ ಗೊಬ್ಬರವೆಂದೇ ಹೆಸರು. ಬೆಲೆಯ ಬಹುಭಾಗವನ್ನು ಸರ್ಕಾರವೇ ಹೊರುತ್ತಿತ್ತಾದ್ದರಿಂದ ಜನ ಅದನ್ನು ಮದುವೆ ಮನೆಯ ಅನ್ನದ ಹಾಗೆ ಧಾರಾಳವಾಗಿ ಬಡಿಸಿದರು. ಬಡಿಸಿರೆಂದು ಕೈಹಿಡಿದು ಒತ್ತಾಯಿಸಿದವನು ನಾನು. ಬೆಳೆ ಕಪ್ಪುಹಸಿರಾಗಿ ನಿಂತರೆ ಸಾಕು, ನನ್ನ ಎದೆ ಉಬ್ಬುತ್ತಿತ್ತು. ಬೇರಿನ ಕಡೆ ಏನಾಗುತ್ತಿದೆಯೆಂದು ಬಗ್ಗಿ ನೋಡುವ ಅಭ್ಯಾಸ ನನಗಿರಲಿಲ್ಲ, ಗೆಳೆಯರೆ.

ಕಮಲಾಪುರದಲ್ಲಿ ನನ್ನ ತಂಗಿ ಕಾಶಿಬಾಯಿಯ ಕೆಂಪು ಬಾಳೆಯ ತೋಟವಿದೆ. ಅಲ್ಲಿಗೂ ಚೀಲದ ಮೇಲೆ ಚೀಲ ಕಳಿಸಿದೆ. ಗಿಡ ಆಳೆತ್ತರ ಮೀರಿ ಬೆಳೆದವು, ಆದರೆ ಒಂದು ಬಿರುಗಾಳಿಗೆ ಸಾಲುಸಾಲಾಗಿ ಮಲಗಿದವು. ಉಳಿದ ಗೊನೆಗಳಲ್ಲೂ ಹಣ್ಣಿನ ಬಣ್ಣವಿತ್ತು, ಪರಿಮಳವಿರಲಿಲ್ಲ. "ಅಣ್ಣಾ, ಹಣ್ಣೇನೋ ಅದ. ಹಣ್ಣಿನ ವಾಸನಿ ಎಲ್ಲಿ ಹೋಗ್ಯದ?" ಎಂದು ಆಕೆ ಕೇಳಿದಳು. ನಾನು ಹವಾಮಾನವನ್ನು ಬೈದೆ. ಆಕೆ ಮತ್ತೆ ತಿಪ್ಪೆಗೊಬ್ಬರಕ್ಕೆ ಹೊರಳಿದಳು. ನನ್ನ ಚೀಲಗಳಿಗೆ ಹೆಗಲು ಕೊಟ್ಟ ಸರ್ಕಾರ ಆಕೆಯ ತಲೆಯ ಮೇಲಿನ ಬುಟ್ಟಿಗೆ ಒಂದು ಕೈಯನ್ನೂ ಹಚ್ಚಲಿಲ್ಲ.

ಹೀಗಿರುವಾಗ, ನಾನು ನಿವೃತ್ತನಾಗಿ ಕುಳಿತ ಕಾಲದಲ್ಲಿ, ಎರೆಹುಳು ಗೊಬ್ಬರದ ತೊಟ್ಟಿ ಕಟ್ಟಿಸಿದವರಿಗೆ ಸರ್ಕಾರ ಸಹಾಯಧನ ಕೊಡುತ್ತದೆಂಬ ಸುದ್ದಿ ಪೇಪರಿನಲ್ಲಿ ಬಂತು. ಚಹಾ ಅರ್ಧಕ್ಕೇ ಬಿಟ್ಟು ಕಮಲಾಪುರದ ಬಸ್ಸು ಹತ್ತಿದೆ. ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಸರ್ಕಾರದ ದುಡ್ಡು ಒಂದು ಇಳಿಜಾರು; ಅದು ಯಾವ ಕಡೆ ವಾಲಿದೆಯೋ ಆ ಕಡೆಗೆ ರೈತನ ಕೈ ತಾನಾಗಿ ಹರಿಯುತ್ತದೆ. ಅದನ್ನು ದುರಾಸೆ ಎನ್ನಲಾಗದು. ಇಷ್ಟು ವರ್ಷ ಆ ಇಳಿಜಾರು ನನ್ನ ಅಂಗಡಿಯ ಬಾಗಿಲಿಗೆ ಬಂದು ಮುಗಿಯುತ್ತಿತ್ತು. ಈಗ ಮೊಟ್ಟಮೊದಲ ಬಾರಿಗೆ ತಿಪ್ಪೆಯ ಕಡೆ, ಹುಳುವಿನ ಕಡೆ, ನನ್ನ ತಂಗಿಯ ಕಡೆ ವಾಲುತ್ತಿದೆಯಲ್ಲ ಎಂದು ಕಂಡಕ್ಟರನಿಗೂ ಹೇಳಿದೆ. ಆತ ಟಿಕೆಟ್ಟು ಕೊಟ್ಟು ಮುಂದೆ ಹೋದ.

ಮೊದಲು ತೊಟ್ಟಿ ಕಟ್ಟಿಸಬೇಕು, ಜೀವಂತ ಹುಳುಗಳನ್ನು ಅಧಿಕಾರಿಗೆ ತೋರಿಸಬೇಕು, ಆಮೇಲೆ ಹಣ. ಕಾಶಿಬಾಯಿ ಆ ಸಲದ ಬಾಳೆಯ ದುಡ್ಡನ್ನೆಲ್ಲ ಇಟ್ಟಿಗೆ ಸಿಮೆಂಟಿಗೆ ಸುರಿದಳು. ಪಕ್ಕದ ತೋಟದ ಮೌಲಾಸಾಬರು ತಮ್ಮ ತೊಟ್ಟಿಯಿಂದ ಒಂದು ಬುಟ್ಟಿ ಹುಳು ತಂದುಕೊಟ್ಟು, "ಅಣ್ಣಾರ, ಇವ್ರನ್ನ ಬೀಗರಂಗ ನೋಡ್ಕೋರಿ. ಬಾಯಿಲೆ ಏನೂ ಅನ್ನಂಗಿಲ್ಲ, ಆದ್ರ ಜಲ್ದಿ ಮುನಿಸ್ಕೋತಾವ" ಎಂದರು.

ನಾನು ತಂಗಿಯ ಮನೆಯಲ್ಲೇ ಉಳಿದೆ. ಮುಂಜಾನೆ ಎದ್ದವನೇ ತೊಟ್ಟಿಯ ಮುಂದೆ ಹಾಜರು. ಆದರೆ ಹುಳುಗಳು ತಮ್ಮ ಪಾಡಿಗೆ ತಾವು ನಿಧಾನವಾಗಿ ಸಗಣಿ ತಿನ್ನುತ್ತಿದ್ದವು. ಅಧಿಕಾರಿ ಬರುವ ದಿನ ಹತ್ತಿರವಾದಂತೆ ನನ್ನ ಜೀವ ಚಡಪಡಿಸಿತು. ಕಾಶಿಬಾಯಿ ಸಂತೆಗೆ ಹೋದ ಹೊತ್ತು, ಕೊಟ್ಟಿಗೆಯ ಡಬ್ಬಿಯಲ್ಲಿ ಹಳೆಯ ಯೂರಿಯಾ ಕಂಡಿತು. ಜೀವಮಾನವೆಲ್ಲ ಕೈಗೆ ಅದೇ ರೂಢಿ. ಪಾಪದ ಹುಳುಗಳು, ಸ್ವಲ್ಪ ಪುಷ್ಟಿಯಾಗಲಿ, ಎಂದು ಅಕ್ಕರೆಯಿಂದ ಬೊಗಸೆ ತುಂಬ ಹರವಿ ಮೇಲೆ ನೀರು ಚಿಮುಕಿಸಿದೆ.

ಮರುದಿನ ಹುಳುಗಳೆಲ್ಲ ತೊಟ್ಟಿಯ ಅಂಚಿಗೆ ಹತ್ತಿ ಸತ್ತುಬಿದ್ದಿದ್ದವು. ಯೂರಿಯಾದ ಡಬ್ಬಿಯನ್ನು ಕೊಟ್ಟಿಗೆಯ ಮೂಲೆಗೆ ಸರಿಸಿಟ್ಟೆ. ನನ್ನ ಮೇಲೆ ಸಂಶಯಪಡುವುದು ಕಾಶಿಬಾಯಿಗೆ ಹೊಳೆಯಲೇ ಇಲ್ಲ. ಅಧಿಕಾರಿ ಬಂದಾಗ ಆಕೆ ಅವರೆದುರಿಗೇ ಮೌಲಾಸಾಬರನ್ನು ಹಿಡಿದುಕೊಂಡಳು: "ಗಟ್ಟಿ ಹುಳಾ ನಿಮಗ, ಸಾಯೋ ಹುಳಾ ನಮಗ. ಹಿಂಗೇನ್ರಿ ನೆರೆಹೊರಿ ಅಂದ್ರ?"

ಮೌಲಾಸಾಬರು ತಲೆ ತಗ್ಗಿಸಿ ಸತ್ತ ಹುಳುಗಳನ್ನೇ ನೋಡುತ್ತ ನಿಂತರು. ಹವಾಮಾನವಾದರೆ ಬೈಸಿಕೊಂಡರೂ ಅದಕ್ಕೆ ನೋವಿಲ್ಲ. ಈ ಮನುಷ್ಯ ಹಾಗಲ್ಲ.

"ಸಾಹೇಬ್ರ, ಹುಳಾ ಛಲೋನೇ ಇದ್ವು" ಎಂದೆ. "ಯೂರಿಯಾ ಹಾಕ್ದವ ನಾನು."

ಕಿರಿಯ ವಯಸ್ಸಿನ ಆ ಅಧಿಕಾರಿ ನನ್ನನ್ನು ದಿಟ್ಟಿಸಿದರು. "ಎರೆಹುಳಕ್ಕ ಯೂರಿಯಾ? ಯಾಕ್ರಿ ಅಜ್ಜಾರ?"

"ಲಗೂನ ಬೆಳೀಲಿ ಅಂತ."

ಮೌಲಾಸಾಬರು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕುಳಿತು ನಕ್ಕರು. "ಯಾ ಅಲ್ಲಾ, ಬೀಗರಿಗಿ ವಿಷಾ ಉಣಿಸಿದ್ರಲ್ರೀ ಅಣ್ಣಾರ."

ಕಾಶಿಬಾಯಿ ನಗಲಿಲ್ಲ. ಹೇಗೂ ನನ್ನ ಬಾಯಿ ತೆರೆದಿತ್ತಲ್ಲ, ಉಳಿದದ್ದನ್ನೂ ಹೇಳಿಬಿಟ್ಟೆ: ಬಿದ್ದ ಬಾಳೆ, ಹೋದ ಪರಿಮಳ ಹವಾಮಾನದ್ದಲ್ಲ, ನನ್ನ ಚೀಲಗಳದ್ದು; ಅನುಮಾನ ಬಂದಾಗಲೂ ಅಂಗಡಿಯ ಸಂಬಳ ನೆನೆದು ಸುಮ್ಮನಿದ್ದೆ. ಆಕೆ, "ಮೊದಲ ಕೈ ತೊಳ್ಕೊ ಹೋಗು" ಎಂದಳು. ಆಮೇಲೆ ಮೌಲಾಸಾಬರ ಕಡೆ ತಿರುಗಿ, "ನಂದು ತಪ್ಪಾಯ್ತ್ರಿ ಕಾಕಾ" ಎಂದಳು.

ಸತ್ತ ಹುಳುಗಳಿಗೆ ಸಹಾಯಧನವಿಲ್ಲ. ಮುಂದಿನ ಸುತ್ತಿನಲ್ಲಿ ಬರುವೆನೆಂದು ಅಧಿಕಾರಿ ಹೊರಟರು. ತೊಟ್ಟಿಯನ್ನು ಬರಿದು ಮಾಡಿ, ತೊಳೆದು, ಕಳಿತ ಸಗಣಿಯನ್ನೂ ಬಾಳೆದಿಂಡಿನ ಚೂರನ್ನೂ ತುಂಬಿದೆವು. ಬುಟ್ಟಿ ಹೊರುವುದು ನನ್ನ ಪಾಲಿಗೆ, ತೊಟ್ಟಿ ಮುಟ್ಟುವಂತಿಲ್ಲ. ಬುಟ್ಟಿಯ ಭಾರ ಏನೆಂದು ಈ ವಯಸ್ಸಿಗೆ ನನ್ನ ಕುತ್ತಿಗೆಗೆ ತಿಳಿಯಿತು. ಮೌಲಾಸಾಬರು ಮತ್ತೆ ಹುಳು ತಂದರು, ನನ್ನನ್ನು ದಾಟಿ ಹೋಗಿ ಕಾಶಿಬಾಯಿಯ ಕೈಗೇ ಕೊಟ್ಟರು.

ಅಧಿಕಾರಿ ಎರಡನೆಯ ಸಲ ಬಂದು ತೊಟ್ಟಿಗೆ ಕೈ ಹಾಕಿದಾಗ ನಾನು ಬೇಲಿಯ ಹತ್ತಿರ ಕತ್ತು ಚಾಚಿ ನಿಂತಿದ್ದೆ. ಮೇಲೆದ್ದ ಆ ಮುಷ್ಟಿಯಲ್ಲಿ ಚಹಾಪುಡಿಯಂಥ ಗೊಬ್ಬರ, ಅದರ ತುಂಬ ಮಿಸುಕಾಡುವ ಕೆಂಪು ಎಳೆಗಳು. ನಾಚಿಕೆ ಬಿಟ್ಟು ಚಪ್ಪಾಳೆ ಹೊಡೆದೆ. ಹಣ ಮಂಜೂರು ಎಂದರು. ಮಹಾಗಾಂವದಲ್ಲಿ ರೈತರನ್ನು ಸೇರಿಸುತ್ತಿದ್ದೇವೆ, ಕಾಶಿಬಾಯಿ ಬಂದು ನಾಲ್ಕು ಮಾತು ಹೇಳಬೇಕು ಎಂದೂ ಕೇಳಿದರು.

"ನನಗ ತೋಟದಾಗ ಕೆಲಸ ಅದ್ರಿ. ನಮ್ಮಣ್ಣನ್ನ ಕರ್ಕೊಂಡ್ ಹೋಗ್ರಿ. ಏನ್ ಹಾಕಬಾರದು ಅನ್ನೋದು ಇವನಿಗೇ ಛಲೋ ಗೊತ್ತದ."

"ಕಿಸೆ ತಪಾಸ್ ಮಾಡಿ ಕರ್ಕೊಂಡ್ ಹೋಗ್ರಿ, ಸಾಹೇಬ್ರ" ಎಂದರು ಮೌಲಾಸಾಬರು.

ಮಹಾಗಾಂವದ ಬೇವಿನ ಮರದ ಕೆಳಗೆ ಕುಳಿತವರಲ್ಲಿ ಬಹುಮಂದಿ ನನ್ನ ಹಳೆಯ ಗಿರಾಕಿಗಳು. ಹಳೆಯ ಸಲುಗೆಯಿಂದ ಎದ್ದು ನಮಸ್ಕಾರ ಮಾಡಿದರು. ಈ ಸಲ ಯಾವ ಮಾಲು ತಂದಿದ್ದೀರೆಂದು ಒಬ್ಬ ಕೇಳಿಯೂ ಬಿಟ್ಟ. ಮೊದಲು ಅವರ ಕ್ಷಮೆ ಕೇಳುವುದೋ, ಮೊದಲು ಹುಳುಗಳ ಸುದ್ದಿ ಹೇಳುವುದೋ ತಿಳಿಯದೆ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳತೊಡಗಿದೆ.