ಆದಿತ್ಯವಾರದ ಬೆಳಗು ಯಾರದು

ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುವವನು ನಾನು. ಉದಾಸೀನ ವಕ್ರರೇಖೆಯ ಪಾಠವೆಂದರೆ ನನಗೆ ನೀರು ಕುಡಿದಷ್ಟು ಸುಲಭ. ಅಡ್ಡಗೆರೆಯ ಮೇಲೆ ಬಿಡುವಿನ ಗಂಟೆ, ಉದ್ದಗೆರೆಯ ಮೇಲೆ ಕೊಳ್ಳುವ ಸಾಮಾನು, ನಡುವೆ ಜಾರುಬಂಡೆಯ ಹಾಗೆ ಇಳಿಯುವ ಒಂದು ಗೆರೆ. "ಈ ಗೆರೆಯ ಮೇಲೆ ಎಲ್ಲಿ ನಿಂತರೂ ಮನುಷ್ಯನಿಗೆ ಸಿಗುವ ತೃಪ್ತಿ ಒಂದೇ. ಬಿಡುವು ಸ್ವಲ್ಪ ಬಿಟ್ಟುಕೊಟ್ಟರೆ ಸಾಮಾನು ಸ್ವಲ್ಪ ಹೆಚ್ಚು ಬೇಕು. ಬಿಡುವು ಕಡಿಮೆಯಾದಷ್ಟೂ ಉಳಿದ ಒಂದೊಂದು ಗಂಟೆಯೂ ದುಬಾರಿ" ಎಂದು ಪ್ರತಿ ವರ್ಷ ಹೇಳುತ್ತೇನೆ. ಮಕ್ಕಳು ತಲೆಯಾಡಿಸುತ್ತಾರೆ. ಅವರಿಗೆ ಅರ್ಥವಾದದ್ದೆಷ್ಟೋ, ಬೆಲ್ಲಿಗೆ ಕಾದದ್ದೆಷ್ಟೋ.

ಎರಡು ವರ್ಷದ ಹಿಂದೆ ಆ ಗೆರೆ ನಮ್ಮ ಮನೆಗೇ ಬಂತು. ಪೇಟೆಯ ಒಂದು ಕೋಚಿಂಗ್ ಸೆಂಟರಿನವರು ಆದಿತ್ಯವಾರ ಬೆಳಿಗ್ಗೆ ಪಾಠ ಮಾಡಲು ಕರೆದರು. ಅವರು ಕೊಡುತ್ತೇವೆಂದ ಸಂಬಳದಲ್ಲಿ ಒಂದು ಕಾರಿನ ಕಂತು ಆರಾಮವಾಗಿ ಕಟ್ಟಬಹುದಿತ್ತು. ಹೆಂಡತಿಗೆ ಬಜಪೆಯಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಕಾರ್ಗೋ ಆಫೀಸಿನಲ್ಲಿ ಕೆಲಸ. ಕೂಳೂರಿನ ನಮ್ಮ ಫ್ಲ್ಯಾಟಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿಬರುತ್ತಾಳೆ. ಕಾರು ಅವಳಿಗೂ ಬೇಕಿತ್ತು. ಆದರೆ ವಾರದಲ್ಲಿ ಇಬ್ಬರಿಗೂ ಒಟ್ಟಿಗೆ ರಜೆ ಇರುವುದು ಅದೊಂದೇ ದಿನ.

ನಮ್ಮ ಆದಿತ್ಯವಾರಕ್ಕೆ ಒಂದು ಕ್ರಮವಿತ್ತು. ನಾನು ಮೀನು ಮಾರ್ಕೆಟ್ಟಿನಿಂದ ಬಂಗುಡೆಯನ್ನೋ ಬೂತಾಯಿಯನ್ನೋ ತರುತ್ತಿದ್ದೆ. ಅವಳು ಮಸಾಲೆ ಅರೆಯುವಾಗ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿ ಕೂತು ಪೇಪರ್ ಓದಿ ಹೇಳುತ್ತಿದ್ದೆ, ಹುಳಿ ಸ್ವಲ್ಪ ಮುಂದಿರಲಿ ಎಂದು ಸಲಹೆಯನ್ನೂ ಕೊಡುತ್ತಿದ್ದೆ. ಎಷ್ಟು ಗಂಡಂದಿರು ಹೀಗೆ ಹೆಂಡತಿಯ ಜೊತೆ ಕೂರುತ್ತಾರೆ ಎಂದು ನನಗೆ ನನ್ನ ಮೇಲೆಯೇ ಹೆಮ್ಮೆ ಇತ್ತು.

ಸೆಂಟರಿನವರಿಗೆ ಶನಿವಾರ ಉತ್ತರ ಹೇಳಬೇಕಿತ್ತು. ಶುಕ್ರವಾರ ಸಂಜೆ ಚಹಾ ಕುಡಿಯುವಾಗ ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಗೆರೆ ಎಳೆದು ಅವಳಿಗೆ ವಿವರಿಸಿದೆ. ಆದಿತ್ಯವಾರವನ್ನು ಬಿಟ್ಟುಕೊಡಲು ಒಂದು ಕಾರು ಸಾಲದು, ಆ ಬೆಳಗಿನ ಬೆಲೆ ಅದಕ್ಕಿಂತ ಹೆಚ್ಚು ಎಂದು ಗಂಭೀರವಾಗಿ ಮುಗಿಸಿದೆ. ಅವಳು ಚಹಾ ಖಾಲಿಯಾಗುವವರೆಗೂ ಗೆರೆ ನೋಡಿದಳು.

"ಇದು ಯಾರ ಗೆರೆ?"

"ನಮ್ಮದು."

"ನಮ್ಮದು ಅಂದ್ರೆ ನಿಮ್ಮದು. ನನ್ನದು ಎಲ್ಲುಂಟು?"

"ಇಬ್ಬರಿಗೂ ಒಂದೇ ಅಲ್ವಾ ಮಾರಾಯ್ತಿ. ಆದಿತ್ಯವಾರ ಇಬ್ಬರೂ ಮನೆಯಲ್ಲೇ ಇರ್ತೇವೆ."

"ಅದೇ ನಾನು ಹೇಳುವುದು. ಆಫೀಸಿನಲ್ಲಿ ಜನ, ಬಸ್ಸಿನಲ್ಲಿ ಜನ, ಆದಿತ್ಯವಾರ ಅಡುಗೆಮನೆ ಬಾಗಿಲಲ್ಲಿ ನೀವು. ನೀವು ಮನೆಯಲ್ಲಿದ್ರೆ ನನಗದು ರಜೆ ಅಲ್ಲ ಮಾರಾಯ್ರೆ, ಇನ್ನೊಂದು ಡ್ಯೂಟಿ."

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿದ್ದ ಹಾಗಾಯಿತು. "ಹಾಗಾದ್ರೆ ಕೋಚಿಂಗಿಗೇ ಹೋಗ್ತೇನೆ" ಎಂದೆ.

"ಆರು ದಿನ ಪಾಠ ಮಾಡಿಯೇ ನಿಮಗೆ ಸಾಕಾಗ್ತದೆ, ನನಗೆ ಗೊತ್ತಿಲ್ವಾ? ಕಾರಿಗೋಸ್ಕರ ಹೋಗುವುದು ಬೇಡ. ಬೆಳಿಗ್ಗೆ ಎಲ್ಲಿಗಾದ್ರೂ ಹೋಗಿ, ಮಧ್ಯಾಹ್ನ ಬನ್ನಿ. ಅಷ್ಟು ಸಾಕು."

ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ನಾನು ಕೊಡುತ್ತಿದ್ದೇನೆ ಎಂದುಕೊಂಡದ್ದನ್ನು ಅವಳು ಸಹಿಸಿಕೊಂಡಿದ್ದಳು. ಸೆಂಟರಿನವರಿಗೆ ಬರುವುದಿಲ್ಲ ಎಂದು ತಿಳಿಸಿದೆ. ಆದಿತ್ಯವಾರ ಸಿಟ್ಟಿನಲ್ಲೇ ಬಸ್ಸು ಹತ್ತಿ, ಬಂದರಿನಲ್ಲಿ ಹೊಳೆಯಾಚೆಯ ಬೆಂಗ್ರೆಗೆ ಹೋಗುವ ಫೆರಿಯಲ್ಲಿ ಕೂತೆ. ಬೆಂಗ್ರೆಯಲ್ಲಿ ನನಗೇನೂ ಕೆಲಸವಿರಲಿಲ್ಲ, ದೋಣಿ ಹೊರಡುವುದರಲ್ಲಿತ್ತು, ಅಷ್ಟೇ. ಆಚೆ ದಡದಲ್ಲಿ ಬಲೆ ರಿಪೇರಿ ಮಾಡುವವರ ಪಕ್ಕ ನೆರಳು ಹುಡುಕಿ ಕೂತೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ, ನಾನೂ ಯಾರಿಗೂ ಏನನ್ನೂ ವಿವರಿಸಲಿಲ್ಲ. ಸಿಟ್ಟು ಯಾವಾಗ ಇಳಿಯಿತೋ ತಿಳಿಯಲಿಲ್ಲ.

ಮಧ್ಯಾಹ್ನ ಬಂದು ನೋಡಿದರೆ ಹೆಂಡತಿ ತಲೆಗೆ ಎಣ್ಣೆ ಹಚ್ಚಿಕೊಂಡು, ನನ್ನ ಕುರ್ಚಿಯ ಮೇಲೆ ಕಾಲು ಚಾಚಿ, ಬಾಲ್ಕನಿಯಲ್ಲಿ ಎದುರಿನ ಹೊಳೆ ನೋಡುತ್ತ ಕೂತಿದ್ದಳು. ಒಲೆ ಹೊತ್ತಿಸಿರಲೇ ಇಲ್ಲ.

"ಊಟಕ್ಕೆ ಎಂತ ಉಂಟು?"

"ಹೋಟೆಲಿನಲ್ಲಿ ಎಲ್ಲ ಉಂಟು. ಸ್ನಾನ ಮಾಡಿ ಬರ್ತೇನೆ, ಹೋಗುವ."

ಆ ದಿನ ಮೀನಿನ ಊಟ ಮಾಡುತ್ತ ಅವಳು ಆಫೀಸಿನ ಸುದ್ದಿ ಹೇಳಿ ಹೇಳಿ ನಕ್ಕಳು. ನಾನು ಅಡುಗೆಮನೆಯ ಬಾಗಿಲು ಕಾದ ಯಾವ ಆದಿತ್ಯವಾರವೂ ಅವಳು ಅಷ್ಟು ಮಾತಾಡಿದ ನೆನಪಿಲ್ಲ.

ಮುಂದೆ ಅದೇ ವಾಡಿಕೆಯಾಯಿತು. ಕಾರು ಬರಲಿಲ್ಲ. ಅವಳು ಈಗಲೂ ಬಸ್ಸಿನಲ್ಲೇ ಹೋಗುತ್ತಾಳೆ, ಬಸ್ಸಿಗೆ ಬೈಯುವುದನ್ನೂ ಬಿಟ್ಟಿಲ್ಲ. ನನ್ನ ಪಾಠಕ್ಕೆ ಮಾತ್ರ ಒಂದು ಮಾತು ಸೇರಿದೆ. ಒಬ್ಬೊಬ್ಬರಿಗೂ ಅವರವರದೇ ಗೆರೆ, ಪಕ್ಕದವರದನ್ನು ನೀವೇ ಎಳೆಯಬೇಡಿ, ಅವರನ್ನು ಕೇಳಿ ಎನ್ನುತ್ತೇನೆ. ಪರೀಕ್ಷೆಗೆ ಇದು ಬರುತ್ತದಾ ಸರ್ ಎಂದು ಮಕ್ಕಳು ಕೇಳುತ್ತಾರೆ.

ಕಳೆದ ತಿಂಗಳು ಒಂದು ಆದಿತ್ಯವಾರ ನಾನು ಹೊರಡಲು ಚಪ್ಪಲಿ ಹಾಕುತ್ತಿದ್ದೆ. ಅವಳು ಒಳಗಿನಿಂದ ಬಂದು ತನ್ನ ಚಪ್ಪಲಿಯನ್ನೂ ಕಾಲಿನಿಂದ ಎಳೆದುಕೊಂಡಳು.

"ನಾನೂ ಬರ್ತೇನೆ."

"ನಿನ್ನ ರಜೆ?"

"ನನ್ನದೇ ಅಲ್ವಾ? ನನಗೆ ಬೇಕಾದಲ್ಲಿ ಖರ್ಚು ಮಾಡ್ತೇನೆ."

ಬಸ್ಸಿನಲ್ಲಿ ಇಬ್ಬರ ಟಿಕೆಟನ್ನೂ ನಾನೇ ತೆಗೆದೆ. ಮೊದಲು ಆ ಬೆಳಗು ಅವಳ ಕೈಯಲ್ಲಿರಲಿಲ್ಲ, ನಾನು ಮನೆಯಲ್ಲಿದ್ದೆ, ಹಾಗಾಗಿ ಅವಳೂ ನನ್ನ ಜೊತೆ ಇರಬೇಕಾಗಿತ್ತು. ಈಗ ಅದು ಪೂರ್ತಿ ಅವಳದು. ಅದನ್ನೇ ಎತ್ತಿಕೊಂಡು ನನ್ನ ಜೊತೆ ಹೊರಟಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನಗೆ ಅಷ್ಟು ಖುಷಿಯಾದದ್ದು ಕಡಿಮೆ.

ಫೆರಿಯಲ್ಲಿ ಅಂಚಿನ ಜಾಗ ಸಿಕ್ಕಿತು. ಹೊಳೆ ಸಮುದ್ರ ಸೇರುವುದು ಎಲ್ಲಿ ಎಂದು ವಿವರಿಸಲು ಅಳಿವೆಯ ಕಡೆಗೆ ಕೈ ಎತ್ತಿದೆ. ಅವಳು ನನ್ನನ್ನು ಒಮ್ಮೆ ನೋಡಿದಳು. ಕೈ ಕೆಳಗಿಳಿಸಿದೆ. ದೋಣಿ ಆಚೆ ದಡ ಮುಟ್ಟುವವರೆಗೆ ಇಬ್ಬರೂ ಸುಮ್ಮನೆ ಕೂತಿದ್ದೆವು.