ತಂಗಿಯ ಜಾತಕದಲ್ಲಿ ನಾನಿಟ್ಟ ಗ್ರಹ

ತಂಗಿಯ ಜಾತಕ ಯಲ್ಲಾಪುರದ ಶಾಲಾ ಮಾಸ್ತರನ ಜಾತಕಕ್ಕೆ ಎಲ್ಲೂ ಕೊರತೆಯಿಲ್ಲದೆ ಕೂಡಿತ್ತು. ಅದೇ ನನಗೆ ಕಷ್ಟವಾಗಿದ್ದು.

ತೊಂಬತ್ತರ ದಶಕದ ನಡುವೆ ಶಿರಸಿಯ ಬಾಡಿಗೆ ಮನೆಯಲ್ಲಿ ನಾವು ಮೂವರಿದ್ದೆವು: ಪಾರ್ಶ್ವವಾಯು ಬಡಿದು ಮಲಗಿದ್ದ ಅಮ್ಮ, ಅವಳನ್ನು ಎತ್ತಿ ಕೂರಿಸುತ್ತಿದ್ದ ತಂಗಿ, ಹೆಂಡತಿಯನ್ನು ಕಳೆದುಕೊಂಡಿದ್ದ ನಾನು. ನಾನು ಓದಿದ್ದು ಹೈಸ್ಕೂಲು, ಕೆಲಸ ವಾಚನಾಲಯದಲ್ಲಿ ಪೇಪರ್ ಜೋಡಿಸುವುದು. ಅಪ್ಪನಿಂದ ಜಾತಕ ನೋಡಲು ಕಲಿತಿದ್ದರಿಂದ ನೆಂಟರಲ್ಲಿ ನನ್ನ ಮಾತಿಗೆ ಬೆಲೆಯಿತ್ತು. ತಂಗಿ ಹೋದರೆ ಅಮ್ಮನ ಬಟ್ಟೆ ಬದಲಿಸುವವರು ಯಾರು, ನನಗೆ ಅನ್ನ ಬೇಯಿಸುವವರು ಯಾರು? ಇದನ್ನು ಬಾಯಿಬಿಟ್ಟು ಹೇಳುವ ಪ್ರಾಮಾಣಿಕತೆಯೂ ನನ್ನಲ್ಲಿರಲಿಲ್ಲ.

ಆ ವಾರ ಪೇಪರಿನ ವಿಜ್ಞಾನದ ಪುಟದಲ್ಲಿ ಹೈಜಿಯಾ ಎಂಬ ಕ್ಷುದ್ರಗ್ರಹದ ಬಗ್ಗೆ ಬಂದಿತ್ತು. ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಲಕ್ಷಾಂತರ ಬಂಡೆಗಳಲ್ಲಿ ಅದು ತುಂಬ ದೊಡ್ಡದು. ಇಂಗಾಲ ತುಂಬಿ ಇದ್ದಿಲಿನಂತೆ ಕಪ್ಪಗಿದೆ, ಬರಿಗಣ್ಣಿಗೆ ಕಾಣುವುದಿಲ್ಲ. ಸೂರ್ಯನನ್ನು ಒಮ್ಮೆ ಸುತ್ತಲು ಅದಕ್ಕೆ ಸುಮಾರು ಐದೂವರೆ ವರ್ಷ ಬೇಕು.

ಮಾಸ್ತರನ ಸೋದರಮಾವ ಉತ್ತರ ಕೇಳಲು ಬಂದಾಗ, ಆ ಬಂಡೆಯನ್ನು ತಂಗಿಯ ಜಾತಕದಲ್ಲಿ ಮದುವೆಯ ಸ್ಥಾನವಾದ ಏಳನೆಯ ಮನೆಯಲ್ಲಿ ಕೂರಿಸಿಬಿಟ್ಟೆ.

“ಇದರ ಹೆಸರೇ ಕೇಳಿದ್ನಿಲ್ಲೆ ಭಾವ. ಪಂಚಾಂಗದಲ್ಲಿ ಎಲ್ಲಿದ್ದು?” ಎಂದು ಅವರು ಕನ್ನಡಕ ಏರಿಸಿದರು.

“ಪಂಚಾಂಗ ಬರೆದವರ ಹತ್ರ ದುರ್ಬೀನು ಇತ್ತಿಲ್ಲೆ,” ಎಂದೆ.

“ಕಣ್ಣಿಗೇ ಕಾಣದ್ದು ಎಂತ ಮಾಡ್ತು ಮಾರಾಯ?”

“ಕಾಣೋ ಗ್ರಹಕ್ಕಾದ್ರೆ ಶಾಂತಿ ಮಾಡಿಸ್ಲಾಗ್ತು. ಇದಕ್ಕೆ ಮಂತ್ರವೇ ಇಲ್ಲೆ. ಒಂದು ಸುತ್ತು ಮುಗಿಯವರೆಗೆ, ಐದೂವರೆ ವರ್ಷ, ಕಾಯವು.”

“ಅಷ್ಟ್ರೊಳಗೆ ನಮ್ಮ ಮಾಣಿ ತಲೆ ಬೋಳಾಗ್ತು!” ಎಂದು ನಕ್ಕು ಅವರು ಎದ್ದರು. ಒಳಗೆ ತಂಗಿ ಲೋಟ ತೊಳೆಯುತ್ತಿದ್ದ ಸದ್ದು ನಿಂತಿತ್ತು.

ಎರಡನೆಯ ವರ್ಷ ಅಮ್ಮ ತೀರಿಕೊಂಡಳು. ಆಗ ತಂಗಿಗೆ ಮದುವೆ ಮಾಡಬೇಕೆಂದು ನಿಜವಾಗಿಯೂ ಬಯಸಿದೆ. ಆದರೆ ದೋಷದ ಸುದ್ದಿ ಸಿದ್ದಾಪುರದ ಕಡೆಗೂ ಹಬ್ಬಿತ್ತು. ಬಿಳಗಿಯಿಂದ ಬಂದವರು ಚಾ ಕುಡಿದು, “ಆ ಕರಿಗ್ರಹ ಬಿಟ್ಟು ಹೋತಾ?” ಎಂದು ಕೇಳಿದರು. ಬೇರೆ ಯಾರೋ ಹೇಳಿದ್ದರೆ ಅಲ್ಲಗಳೆಯಬಹುದಿತ್ತು. ಸ್ವಂತ ಅಣ್ಣನೇ ಹೇಳಿದ ದೋಷವನ್ನು ಯಾರು ಸುಳ್ಳೆನ್ನುತ್ತಾರೆ? ನಾನೇ ಸುಳ್ಳೆಂದು ಒಪ್ಪಿಕೊಂಡರೆ, ನಾನು ಕೂಡಿಸಿದ ಮದುವೆಗಳೆಲ್ಲ ಸಂಶಯಕ್ಕೆ ಬೀಳುತ್ತಿದ್ದವು. ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ. ಅವಧಿ ಮುಗಿಯುವ ಹೊತ್ತಿಗೆ ಅವಳಿಗೆ ಮೂವತ್ತಾರು, ಬರುವವರೇ ಇಲ್ಲವಾದರು.

ಒಂದು ಬೆಳಿಗ್ಗೆ ಅವಳು ದೋಸೆ ಎರೆಯುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಅವಳು ತಿರುಗಿ ನೋಡಲಿಲ್ಲ. ಕಾವಲಿಯ ಮೇಲಿನ ದೋಸೆ ಸೀದು ಹೋಯಿತು.

“ಯನ್ನ ಹತ್ರ ಹೇಳಿ ಎಂತ ಪ್ರಯೋಜನ? ಯಲ್ಲಾಪುರಕ್ಕೆ ಹೋಗಿ ಅವ್ರ ಎದುರಿಗೆ ಹೇಳು. ಯನ್ನಲ್ಲಿ ಯಾವ ದೋಷವೂ ಇತ್ತಿಲ್ಲೆ ಹೇಳದನ್ನ ನಾಲ್ಕು ಜನ ಕೇಳಲಿ.”

ಹೋದೆ. ಮಾಸ್ತರನಿಗೆ ಆಗಲೇ ಎರಡು ಮಕ್ಕಳು. ಸೋದರಮಾವ ಜಗಲಿಯಲ್ಲಿ ಕೂರಿಸಿ, “ಹೊಸ ಗ್ರಹ ಯಾವುದಾದ್ರೂ ಸಿಕ್ಕಿತಾ ಭಾವ?” ಎಂದು ನಗುತ್ತ ತಮ್ಮ ಮೊಮ್ಮಗಳ ಜಾತಕವನ್ನು ಕೈಗಿಟ್ಟರು. ಆ ನಂಬಿಕೆಯನ್ನು ಕೆಡಿಸಲಾರದೆ ಜಾತಕ ನೋಡಿ, ಚೆನ್ನಾಗಿದೆ ಎಂದು ಹೇಳಿ, ಊಟ ಮಾಡಿ ಬಸ್ಸು ಹತ್ತಿದೆ.

ತಂಗಿ ಬಾಗಿಲಲ್ಲೇ ನಿಂತಿದ್ದಳು. “ಹೇಳಿದ್ಯನ?”

“ಹ್ಞಾ,” ಎಂದೆ.

ಮರುವಾರವೇ ಅವಳು ದೊಡ್ಮನೆ ಊರಿನ ನೆಂಟರ ಮದುವೆಗೆ ಹೊರಟಳು. ಅಷ್ಟು ವರ್ಷ ಯಾವ ಮದುವೆಗೂ ಹೋದವಳಲ್ಲ. ಈಗಲೂ ಹೋಗುತ್ತಾಳೆ, ಎಲ್ಲರಿಗೂ ನಿಜ ತಿಳಿದಿದೆಯೆಂದು ನಂಬಿ ತಲೆಯೆತ್ತಿ ಓಡಾಡುತ್ತಾಳೆ. ಯಾರಿಗೂ ತಿಳಿದಿಲ್ಲ. ಯಾರಾದರೂ ಅವಳೆದುರು ಹಳೆಯ ದೋಷದ ಮಾತೆತ್ತಿಯಾರೆಂಬ ಭಯಕ್ಕೆ ನಾನು ಅವಳ ಪಕ್ಕ ಬಿಟ್ಟು ಕದಲುವುದಿಲ್ಲ. ಈ ವಯಸ್ಸಿನಲ್ಲೂ ತಂಗಿಯ ಮೇಲೆ ಎಷ್ಟು ಅಕ್ಕರೆ ಎಂದು ಜನ ಹೊಗಳುತ್ತಾರೆ.