ಕದ್ದರೇ ಚಿಗುರುವ ಬಳ್ಳಿ

ನನಗೆ ಸಿಟ್ಟು ಬಂದಿದೆ. ಅದೂ ಮನಿ ಪ್ಲಾಂಟಿನ ವಿಷಯಕ್ಕೆ. ನಗಬೇಡಿ, ಪೂರ್ತಿ ಕೇಳಿ.

ಈ ಬಳ್ಳಿಯನ್ನು ಕದ್ದು ತಂದರೆ ಮಾತ್ರ ಹುಲುಸಾಗಿ ಬೆಳೆಯುತ್ತೆ, ಕೇಳಿ ತಂದರೆ ಒಣಗುತ್ತೆ ಅಂತ ಯಾವ ಮಹಾನುಭಾವ ಹಬ್ಬಿಸಿದನೋ, ಅವನು ನನ್ನ ಕೈಗೆ ಸಿಗಬೇಕು. ವೀಳ್ಯದೆಲೆ ಬಳ್ಳಿಯನ್ನು ಕೇಳಿಯೇ ತರುತ್ತೇವೆ, ಕಾಳುಮೆಣಸಿನದನ್ನೂ ಕೇಳಿಯೇ ತರುತ್ತೇವೆ. ಅವೇನು ಮುನಿಸಿಕೊಂಡು ಸತ್ತಿವೆಯೇ? ಇದೊಂದಕ್ಕೆ ಮಾತ್ರ ಕಳ್ಳರೇ ಬೇಕಂತೆ! ಹೋಗಲಿ, ಹೆಸರಿಗೆ ತಕ್ಕಂತೆ ದುಡ್ಡಾದರೂ ಉದುರಿಸುತ್ತದೆಯೇ? ನಮ್ಮ ಮನೆಯಲ್ಲಿ ಉದುರಿದ್ದು ಹಳದಿ ಎಲೆ, ಗುಡಿಸಿದ್ದು ನಾನು.

ಗೋಪಾಳದ ನಮ್ಮ ಮನೆ ಗೇಟಿನ ಪಕ್ಕದ ಕುಂಡದಲ್ಲಿ ತೆಂಗಿನ ನಾರು ಸುತ್ತಿದ ಕೋಲು ನೆಟ್ಟು, ದಿನಾ ನಾರು ನೆನೆಸಿ, ಬಳ್ಳಿ ಹತ್ತಿಸುತ್ತಿದ್ದೆ. ಬಾಟಲಿಯಲ್ಲಿಟ್ಟರೆ ಇದರ ಎಲೆ ಅಂಗೈಯಷ್ಟೇ. ಮೇಲೆ ಹತ್ತಲು ಬಿಟ್ಟರೆ ಹತ್ತಿದಂತೆಲ್ಲ ಅಗಲವಾಗುತ್ತೆ. ಕಾಡಿನ ಬುದ್ಧಿ ಅದಕ್ಕೆ. ಮೊರದಗಲದ ಒಂದೇ ಒಂದು ಎಲೆಯನ್ನು ನನ್ನ ಮನೆಯಲ್ಲಿ ನೋಡಬೇಕು ಅನ್ನೋದು ನನ್ನಾಸೆ. ಬೇರೆ ದೊಡ್ಡ ಆಸೆಗಳನ್ನೆಲ್ಲ ಬಿಟ್ಟಾಗಿದೆ. ಆದರೆ ಬಳ್ಳಿ ಕೋಲಿನ ತುದಿ ಮುಟ್ಟಿತು ಅನ್ನುವಷ್ಟರಲ್ಲಿ ಯಾರೋ ಕುಡಿ ಚಿವುಟಿರುತ್ತಾರೆ. ಕೇಳಿದ್ರೆ ನಾನೇ ಕೊಡ್ತೀನಿ, ಮಾರಾಯ್ರೆ! ಕೇಳಲ್ಲ. ಕೇಳಿದರೆ ಒಣಗುತ್ತಲ್ಲ!

ಕೆಲವು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಭದ್ರಾವತಿಯಿಂದ ನಾದಿನಿ ಸುಮ ಬಂದಿದ್ದಳು. ಅವಳು ಹೋದ ಮೇಲೆ ನೋಡಿದರೆ ಮೊಳದುದ್ದ ಬಳ್ಳಿಯೇ ಇಲ್ಲ. ಬಾಗಿನದ ಜೊತೆ ಅದೂ ಬಸ್ ಹತ್ತಿತ್ತು. "ನಿಮ್ಮ ತಂಗಿ ಕಳ್ಳಿ" ಅಂತ ಗಂಡನ ಮೇಲೆ ಹರಿಹಾಯ್ದೆ. "ಒಂದು ಗಿಡಕ್ಕೆ ಇಷ್ಟು ರಂಪವಾ?" ಅಂದರು. ಅವತ್ತಿನಿಂದ ಸುಮಳ ಮನೆಗೆ ಹೋಗುವುದನ್ನೇ ಬಿಟ್ಟೆ.

ಮೊನ್ನೆ ಅವಳ ಮಗಳ ಸೀಮಂತ. ತಪ್ಪಿಸಿಕೊಳ್ಳಲಾಗಲಿಲ್ಲ. ಊಟಕ್ಕೆ ಹಿತ್ತಲಲ್ಲಿ ಪಂಕ್ತಿ ಹಾಕಿದ್ದರು. ಅಲ್ಲಿನ ಮಾವಿನ ಮರದ ಮೇಲೆ ಹಬ್ಬಿ ನಿಂತಿದೆ ನನ್ನ ಬಳ್ಳಿ! ಒಂದೊಂದು ಎಲೆಯೂ ಮೊರದಗಲ. ನನ್ನ ಹೊಟ್ಟೆ ಉರಿದುಹೋಯಿತು. ನೆಂಟರೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅದು ನಮ್ಮನೇ ಬಳ್ಳಿ," ಅಂದೆ, ಇಡೀ ಪಂಕ್ತಿಗೆ ಕೇಳಿಸುವ ಹಾಗೆ.

ಸುಮ ಕೋಸಂಬರಿ ಬಡಿಸುತ್ತಲೇ ಹೇಳಿದಳು: "ಅಲ್ಲ ಅತ್ತಿಗೆ. ನೀವು ಕೊಟ್ಟಿದ್ರೆ ಅದು ಯಾವಾಗಲೂ ನಿಮ್ಮನೇದೇ ಆಗಿರ್ತಿತ್ತು, ಬಂದಾಗೆಲ್ಲ ‘ನಾನು ಕೊಟ್ಟಿದ್ದು’ ಅಂತ ಹೇಳ್ತಿದ್ರಿ. ಕದ್ದಿದ್ದಕ್ಕೆ ನಂದಾಯ್ತು."

ನೆಂಟರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಇವತ್ತಿಗೂ ಇಳಿದಿಲ್ಲ. ಅವಳ ಮಾತಿಗೆ ಒಂದು ಉತ್ತರ ಹೊಳೆದಿದ್ದರೆ ಯಾವಾಗಲೋ ಇಳಿದಿರುತ್ತಿತ್ತು.